ಹಾಸನ, ಚಿಕ್ಕಮಗಳೂರು ಸೀಮೆಯ ಸೆಕೆ, ಚಳಿ, ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಕಾಫಿ ತೋಟದ ಡೈರಿಯಲ್ಲಿ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಿದ್ದರು. ಚಿಕ್ಕಮಗಳೂರು ಹತ್ತಿರದ ನಮ್ಮ ಆಲ್ದೂರು ಕಡೆ ಇದೇನೂ ವಿಶೇಷವಲ್ಲ, ಎಷ್ಟೋ ತೋಟದ ಮನೆಗಳಲ್ಲಿ ಅಂಥದ್ದೊಂದು ಡೈರಿ ಇರುತ್ತದೆ. ಅದು ನನ್ನ ಕೈಗೆ ಬಂದಾಗ ಎರಡು ಕಾಲಂ ಹೆಚ್ಚಿಗೆ ಎಳೆದೆ. ಒಂದರಲ್ಲಿ ಆ ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಇನ್ನೊಂದರಲ್ಲಿ ಗಾಳಿ ಬಂದ ದಿಕ್ಕು. ಕೆಲವು ವರ್ಷ ಬರೆದ ಮೇಲೆ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಯಿತು. ನಮ್ಮ ಎರಡು ಜಿಲ್ಲೆಗಳಲ್ಲಿ ಇವತ್ತು ಸೆಕೆಯೋ ಚಳಿಯೋ ಎಂದು ತೀರ್ಮಾನಿಸುವುದರಲ್ಲಿ ಬಿಸಿಲಿಗಿಂತ ಗಾಳಿಯ ಪಾಲು ದೊಡ್ಡದು: ಅದು ಎಲ್ಲಿಂದ ಹೊರಟಿತು, ದಾರಿಯಲ್ಲಿ ಏನು ಹೊತ್ತು ತಂತು, ಯಾವ ಬೆಟ್ಟ ಹತ್ತಿ ಇಳಿಯಿತು ಎಂಬುದು. ಮದುವೆ ಮನೆಯಲ್ಲಿ, ಹಾಲಿನ ಡೇರಿ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಏಪ್ರಿಲ್‌ನಲ್ಲಿ ನೆತ್ತಿ ಸುಡುತ್ತದೆ, ಆಗಸ್ಟ್‌ನಲ್ಲಿ ಕಂಬಳಿ ಬೇಕು. ಆಗಸ್ಟ್‌ನಲ್ಲಿ ಸೂರ್ಯ ಅಷ್ಟು ದೂರ ಹೋಗಿರುತ್ತಾನಾ?

ಇಲ್ಲ. ಇದನ್ನು ಅಂಗಳದಲ್ಲೇ ನೋಡಬಹುದು. ಹಾಸನ, ಚಿಕ್ಕಮಗಳೂರು ಎರಡೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಒಮ್ಮೆ ಏಪ್ರಿಲ್ 25ರ ಆಸುಪಾಸು, ಮತ್ತೊಮ್ಮೆ ಆಗಸ್ಟ್ 18ರ ಆಸುಪಾಸು. ಆ ದಿನಗಳಲ್ಲಿ ನಡು ಮಧ್ಯಾಹ್ನ ಅಂಗಳದಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದರೆ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ. ಆಗಸ್ಟ್‌ನಲ್ಲಿ ತೋರಿಸಲು ಹೋದರೆ ಒನಕೆ ನೆನೆಯುತ್ತದೆ, ನೆರಳೇ ಇರುವುದಿಲ್ಲ.

ಸೂರ್ಯ ಅವನೇ, ಎತ್ತರವೂ ಅಷ್ಟೇ. ಆದರೂ ಹಾಸನದಲ್ಲಿ ಏಪ್ರಿಲ್ ಮಧ್ಯಾಹ್ನ ಸಾಮಾನ್ಯವಾಗಿ 33 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಆಗಸ್ಟ್‌ನಲ್ಲಿ 26ರ ಹತ್ತಿರ ನಿಲ್ಲುತ್ತದೆ. ಈ ಏಳು ಡಿಗ್ರಿ ಇಳಿಸುವುದು ಅರಬ್ಬಿ ಸಮುದ್ರದಿಂದ ಬರುವ ಗಾಳಿ ಮತ್ತು ಅದು ತರುವ ಮೋಡ. ಮೋಡ ಬಿಸಿಲನ್ನು ಮೇಲಿಂದಲೇ ವಾಪಸ್ ಕಳಿಸುತ್ತದೆ. ಕೆಳಗೆ ಬಂದಷ್ಟು ಬಿಸಿಲಿನಲ್ಲೂ ಹೆಚ್ಚಿನ ಪಾಲು ನೆನೆದ ಮಣ್ಣಿನ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹಂಡೆ ನೀರು ಕಾಯಿಸಿದವರಿಗೆ ಗೊತ್ತು, ಹಸಿ ಸೌದೆ ಒಟ್ಟಿದರೆ ಉರಿಯೆಲ್ಲ ಸೌದೆ ಒಣಗಿಸುವುದರಲ್ಲೇ ಹೋಗುತ್ತದೆ. ಒಣ ನೆಲಕ್ಕೆ ಆ ಖರ್ಚಿಲ್ಲ, ಬಿದ್ದ ಬಿಸಿಲೆಲ್ಲ ನೆಲವನ್ನೂ ಅದರ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ.

ನಮ್ಮಲ್ಲಿ ಯಾವ ತಿಂಗಳು ಯಾವ ಗಾಳಿ?

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೂಡಗಾಳಿ. ಪೂರ್ವದ ಬಯಲುಸೀಮೆ ದಾಟಿ ಬರುವುದರಿಂದ ಒಣಗಾಳಿ. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಎಲೆಯೂ ಅಲುಗುವುದಿಲ್ಲ, ಸಂಜೆಯಾಗುತ್ತ ಘಟ್ಟದ ಕಡೆಯಿಂದ ಪಡುವಣ ಗಾಳಿ ಏಳುತ್ತದೆ. ಜೂನ್ ಮೊದಲ ಅಥವಾ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮುಂಗಾರು ಗಾಳಿ. ಅಕ್ಟೋಬರ್ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ತಿಂಗಳು. ಗಾಳಿ ದಿಕ್ಕು ಬದಲಿಸುವ ಸಮಯವಾದ್ದರಿಂದ ಗುಡುಗು ಜಾಸ್ತಿ, ಆಮೇಲೆ ಹಿಂಗಾರು.

ಗಾಳಿಗೆ ಹೆಸರಿಡುವುದು ಬಂದ ದಿಕ್ಕಿನಿಂದ, ಹೋಗುವ ದಿಕ್ಕಿನಿಂದ ಅಲ್ಲ. ಮೂಡಗಾಳಿ ಎಂದರೆ ಮೂಡಣದಿಂದ ಬಂದದ್ದು. ಇದನ್ನು ತಿರುಗಾಮುರುಗಾ ಮಾಡಿಕೊಂಡವರು ಬಹಳ ಜನ ಸಿಗುತ್ತಾರೆ.

ಚಿಕ್ಕಮಗಳೂರಿನಲ್ಲಿ ಸ್ವೆಟರ್, ಕಡೂರಿನಲ್ಲಿ ಫ್ಯಾನು. ನಡುವೆ ಇರುವುದು 40 ಕಿಲೋಮೀಟರ್ ಅಷ್ಟೇ ಅಲ್ಲವೇ?

ನನ್ನ ಅಕ್ಕನನ್ನು ಕೊಟ್ಟಿರುವುದು ಕಡೂರಿಗೆ. ಜುಲೈನಲ್ಲಿ ಆಕೆ ಫೋನ್ ಮಾಡಿದರೆ ನಮ್ಮ ಮಾತು ಶುರುವಾಗುವುದೇ ಹೀಗೆ: "ಏನೋ, ನಿಮ್ಮಲ್ಲಿ ಮಳೆ ಬಿಟ್ಟಿತಾ?" "ಎಲ್ಲಿ ಬಿಡ್ತು ಅಕ್ಕ, ಎಂಟು ದಿನದಿಂದ ಬಟ್ಟೆ ಒಲೆ ಮುಂದೆ ಒಣಗ್ತಿದೆ." "ನಮ್ಮಲ್ಲಿ ಬರೀ ಗಾಳಿ ಕಣೋ, ಒಂದು ಹನಿ ಇಲ್ಲ." ಆ ಬರೀ ಗಾಳಿ ನಮ್ಮ ಮನೆ ಮೇಲೆ ಹಾದುಹೋದ ಗಾಳಿಯೇ. ನಮ್ಮಲ್ಲಿ ನೀರು ಸುರಿದು ಅಲ್ಲಿಗೆ ಬರಿಗೈಯಲ್ಲಿ ಹೋಗಿರುತ್ತದೆ, ಅಷ್ಟೇ.

ಎತ್ತರದ ವ್ಯತ್ಯಾಸ ಒಂದು ಕಾರಣ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಕಡೂರು ಅದಕ್ಕಿಂತ 300 ಮೀಟರಿಗೂ ಹೆಚ್ಚು ಕೆಳಗೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು. ಆ ಲೆಕ್ಕದಲ್ಲಿ ಎರಡು ಊರಿಗೂ ಎರಡು ಡಿಗ್ರಿ ವ್ಯತ್ಯಾಸ ಬರಬೇಕು. ಮುಂಗಾರಿನಲ್ಲಿ ಅದಕ್ಕಿಂತ ಹೆಚ್ಚು ಬರುತ್ತದೆ. ಆ ಹೆಚ್ಚಿನದು ಬೆಟ್ಟ ಮಾಡುವ ಕೆಲಸ.

ಒಂದು ಹಿಡಿ ಗಾಳಿಯ ಜೊತೆ ನಾವೂ ಹೊರಡೋಣ. ಕರಾವಳಿಯಲ್ಲಿ ಅದು 28 ಡಿಗ್ರಿ ಇದೆ, ತುಂಬಾ ತೇವ ಇದೆ. ಘಟ್ಟಕ್ಕೆ ಬಡಿದಾಗ ಮೇಲೇರಲೇಬೇಕು. ಮೇಲೇರಿದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಮೋಡ ಕಟ್ಟುವವರೆಗೆ ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆ ಇಳಿಯುತ್ತದೆ. 500 ಮೀಟರಿನಲ್ಲಿ ಮೋಡ ಕಟ್ಟಿತು ಎನ್ನಿ, ಆಗ ಉಷ್ಣಾಂಶ 23. ಅಲ್ಲಿಂದ ಮುಂದೆ ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುವುದರಿಂದ ಇಳಿತ ನಿಧಾನ, ಕಿಲೋಮೀಟರಿಗೆ ಐದು ಡಿಗ್ರಿ ಅಂದುಕೊಳ್ಳಿ. 1,900 ಮೀಟರಿನ ಬಾಬಾಬುಡನ್ ಗಿರಿ ಸಾಲಿನ ನೆತ್ತಿಗೆ ಬರುವಷ್ಟರಲ್ಲಿ 16 ಡಿಗ್ರಿ. ಹೊತ್ತ ನೀರಿನ ಬಹುಪಾಲು ಶೃಂಗೇರಿ, ಕೊಪ್ಪ, ಕೊಟ್ಟಿಗೆಹಾರ, ಬಾಳೆಹೊನ್ನೂರು ಕಡೆ ಸುರಿದಾಗಿದೆ. ಈಗ ಗಾಳಿ ಕಡೂರಿನ ಕಡೆ ಇಳಿಯುತ್ತದೆ. ಇಳಿಯುವಾಗ ಒತ್ತಡ ಹೆಚ್ಚಿ ಕುಗ್ಗುತ್ತದೆ, ಬಿಸಿಯಾಗುತ್ತದೆ. ಆದರೆ ಈಗ ಅದು ಒಣಗಾಳಿ, ಆದ್ದರಿಂದ ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆಯೇ ಪೂರ್ತಿ ಏರುತ್ತದೆ. 760 ಮೀಟರಿನ ಎತ್ತರಕ್ಕೆ ಬರುವಷ್ಟರಲ್ಲಿ 27 ದಾಟಿರುತ್ತದೆ. ಘಟ್ಟದ ಪಡುವಣ ಮಗ್ಗುಲಲ್ಲಿ ಅಷ್ಟೇ ಎತ್ತರದಲ್ಲಿ ಅದೇ ಗಾಳಿ 22ರ ಹತ್ತಿರ ಇತ್ತು.

ಇದು ಬಿಡಿಸಿ ಹೇಳಲು ಮಾಡಿದ ಲೆಕ್ಕ. ನಿಜದಲ್ಲಿ ಎಲ್ಲ ಗಾಳಿಯೂ ನೆತ್ತಿ ಹತ್ತುವುದಿಲ್ಲ, ಕಣಿವೆ ಸಂದಿನಲ್ಲಿ ನುಸುಳುವುದೂ ಇದೆ, ಹಾಗಾಗಿ ವ್ಯತ್ಯಾಸ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೆ ಮಳೆಯ ಅಂಕಿ ನೋಡಿದರೆ ಬೆಟ್ಟ ಮಾಡಿದ ಪಾಲು ಕಣ್ಣಿಗೆ ಹೊಡೆಯುತ್ತದೆ. ಶೃಂಗೇರಿಯಲ್ಲಿ ಸಾಮಾನ್ಯ ವರ್ಷದಲ್ಲೇ 3,500 ಮಿಲಿಮೀಟರ್ ದಾಟುತ್ತದೆ, ಅದೇ ಜಿಲ್ಲೆಯ ಕಡೂರಿಗೆ ಸಿಗುವುದು 600ರ ಆಸುಪಾಸು. ಹಾಸನ ಜಿಲ್ಲೆಯಲ್ಲಿ ಸಕಲೇಶಪುರಕ್ಕೂ ಅರಸೀಕೆರೆಗೂ ಇರುವುದು ಇದೇ ಕಥೆ. ಒಂದು ಕಡೆ ಏಲಕ್ಕಿ, ಕಾಳುಮೆಣಸು. ಇನ್ನೊಂದು ಕಡೆ ತೆಂಗು, ರಾಗಿ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ, ಕಡೂರು ತಾಲ್ಲೂಕಿನ ಮದಗದಕೆರೆಗಳನ್ನು ನೋಡಿದಾಗಲೆಲ್ಲ ನನಗೆ ಕಟ್ಟಿಸಿದವರ ಮೇಲೆ ಗೌರವ ಬರುತ್ತದೆ. ಮಳೆ ಬೆಟ್ಟದ ಮೇಲೆ ನಿಂತುಬಿಡುತ್ತದೆ, ನೀರನ್ನಾದರೂ ಕೆಳಗೆ ಹಿಡಿದಿಡೋಣ ಎಂದು ಅವರಿಗೆ ಹೊಳೆದಿತ್ತು.

ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಮೇಲೆ ಕಾಲೂರಲು ಆಗದಷ್ಟು ಗಾಳಿ ಯಾಕೆ?

ಮುಂಗಾರು ಗಾಳಿಯ ಅತಿ ಬಿರುಸಿನ ಪದರ ನೆಲದ ಮೇಲಲ್ಲ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುತ್ತದೆ. ಆಫ್ರಿಕಾದ ಸೊಮಾಲಿಯಾ ತೀರದಿಂದ ಅರಬ್ಬಿ ಸಮುದ್ರ ದಾಟಿ ನಮ್ಮ ಘಟ್ಟಕ್ಕೆ ಬಂದು ತಾಗುವ ಗಾಳಿಯ ಹೊಳೆ ಅದು. ಫಿಂಡ್‌ಲೇಟರ್ ಎಂಬ ಹವಾಮಾನ ವಿಜ್ಞಾನಿ 1969ರಲ್ಲಿ ಇದನ್ನು ವಿವರವಾಗಿ ಗುರುತಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಅಂದರೆ ಅಲ್ಲಿ ಗದ್ದುಗೆಯ ಮುಂದೆ ನಿಂತವರು ಆ ಹೊಳೆಯ ನಡುವೆ ತಲೆ ಎತ್ತಿ ನಿಂತ ಹಾಗೆ. ಜುಲೈನಲ್ಲಿ ಒಮ್ಮೆ ಮೆಟ್ಟಿಲ ತುದಿಯಲ್ಲಿ ಕೊಡೆ ಬಿಚ್ಚಿದೆ, ಮರುಕ್ಷಣವೇ ಅದು ಮಗುಚಿ ಕಡ್ಡಿ ಮುರಿಯಿತು. ಆಮೇಲೆ ಗಮನಿಸಿದ್ದು, ಮಳೆ ಹನಿ ಮೇಲಿಂದ ಬೀಳುತ್ತಿರಲಿಲ್ಲ, ಕೆಳಗಿನ ಕಣಿವೆಯಿಂದ ಮೇಲಕ್ಕೆ ಬಂದು ಗದ್ದಕ್ಕೆ ಬಡಿಯುತ್ತಿತ್ತು.

ಈ ಹೊಳೆ ಬಲವಾಗಿದ್ದ ವಾರ ಇಡೀ ಮಲೆನಾಡಿನಲ್ಲಿ ಹಗಲು 21, 22 ಡಿಗ್ರಿ ದಾಟುವುದು ಕಷ್ಟ. ಅದು ಸೊರಗಿದರೆ ನಾಲ್ಕೇ ದಿನದಲ್ಲಿ ಮಳೆ ಹೊಳವಾಗಿ ಆಷಾಢದಲ್ಲೂ ಬೆವರುತ್ತೇವೆ.

ಚಂಡಮಾರುತ ಬರುವುದು ಚೆನ್ನೈಗೆ, ಚಳಿ ಹಿಡಿಯುವುದು ಹಾಸನಕ್ಕೆ. ಯಾಕೆ?

ಬಂಗಾಳ ಕೊಲ್ಲಿಯ ಚಂಡಮಾರುತದ ಸುತ್ತಲ ಮೋಡದ ಚಾಪೆ ನೂರಾರು ಕಿಲೋಮೀಟರ್ ಅಗಲ. ಗಾಳಿ ಅದರ ಸುತ್ತ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಚಂಡಮಾರುತ ತಮಿಳುನಾಡು ತೀರದಲ್ಲಿದ್ದರೆ ಅದರ ಪಡುವಣಕ್ಕಿರುವ ನಮಗೆ ಬಡಗಣದಿಂದ, ಈಶಾನ್ಯದಿಂದ ಗಾಳಿ ಬೀಸುತ್ತದೆ. ಮೇಲೆ ಮೋಡ ಮುಚ್ಚಿಕೊಂಡು ಬಿಸಿಲು ಇಲ್ಲ, ಸೋನೆ ಹಿಡಿದು ನೆಲ ಹಸಿ. ಇಡೀ ದಿನ ಉಷ್ಣಾಂಶ ಬೆಳಗ್ಗೆ ಇದ್ದಲ್ಲೇ ನಿಂತುಬಿಡುತ್ತದೆ.

2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಹತ್ತಿರ ದಡ ಹತ್ತಿತು, ಅದರ ಉಳಿಕೆ ಪರ್ಯಾಯ ದ್ವೀಪ ದಾಟಿ ಅರಬ್ಬಿ ಸಮುದ್ರಕ್ಕೆ ಬಂತು. ಆಗ ನಮ್ಮ ಕಣದಲ್ಲಿ ಅರೇಬಿಕಾ ಚೆರಿ, ಅಂದರೆ ಒಣಗಲು ಹಾಕಿದ ಕಾಫಿ ಹಣ್ಣು, ಹರಡಿತ್ತು. ಟಾರ್ಪಾಲು ಎಳೆದು ಮುಚ್ಚಿದೆವು. ಐದು ದಿನ ಬಿಸಿಲು ಕಾಣಲಿಲ್ಲ. ದಿನಕ್ಕೆ ನಾಲ್ಕು ಸಲ ಟಾರ್ಪಾಲು ತೆಗೆದು ಕಾಲಲ್ಲಿ ತಿರುವಿ ಮತ್ತೆ ಮುಚ್ಚುವುದೇ ಕೆಲಸ. ಕೊನೆಯ ದಿನ ಅಂಚಿನ ಗುಡ್ಡೆಗೆ ಕೈ ಹಾಕಿದರೆ ಒಳಗೆ ಬಿಸಿ, ಹುಳಿ ವಾಸನೆ, ಕಾಳಿನ ಮೇಲೆ ಬೂದು ಬಣ್ಣದ ಬೂಷ್ಟು. ಒಂದಿಷ್ಟು ಮೂಟೆ ಬೆಲೆಯಿಲ್ಲದೆ ಹೋಯಿತು. ಡೈರಿಯಲ್ಲಿ ಆ ಐದು ದಿನಗಳ ಗರಿಷ್ಠ, ಕನಿಷ್ಠದ ನಡುವಿನ ಅಂತರ ಮೂರು, ನಾಲ್ಕು ಡಿಗ್ರಿ. ಸಾಮಾನ್ಯ ಡಿಸೆಂಬರ್‌ನಲ್ಲಿ ಆ ಅಂತರ ಹನ್ನೆರಡು, ಹದಿಮೂರು ಇರುತ್ತದೆ.

ಅರಬ್ಬಿ ಸಮುದ್ರದ ಚಂಡಮಾರುತದ ರೀತಿ ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಬಡಗಣಕ್ಕೆ ಹೋದಾಗ ಬೇಸಗೆಯ ನಡುವೆ ಮಲೆನಾಡಿಗೆ ಮಳೆಗಾಲದ ಥಂಡಿ ಬಂದಿತ್ತು. 2023ರ ಜೂನ್‌ನ ಬಿಪರ್‌ಜಾಯ್ ಇದಕ್ಕೆ ತಿರುಗಾ. ದೂರ ಸಮುದ್ರದಲ್ಲೇ ಬಹಳ ದಿನ ನಿಂತು ಗಾಳಿ, ತೇವವನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು. ಆ ವರ್ಷ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡ. ನಮ್ಮಲ್ಲಿ ಮೃಗಶಿರಾ ಪೂರ್ತಿ ಬೇಸಗೆಯಂತೆಯೇ ಕಳೆಯಿತು.

ಚಳಿಗಾಲದಲ್ಲಿ ಮೋಡ ಇದ್ದ ರಾತ್ರಿ ಬೆಚ್ಚಗೆ, ನಕ್ಷತ್ರ ಕಂಡ ರಾತ್ರಿ ಕೊರೆಯುವ ಚಳಿ. ಹಗಲಿಗೆ ಇದು ಉಲ್ಟಾ ಅಲ್ಲವೇ?

ಹೌದು, ಮೋಡ ಹಗಲಲ್ಲಿ ಕೊಡೆ, ರಾತ್ರಿಯಲ್ಲಿ ಕಂಬಳಿ. ಹಗಲು ಕಾದ ನೆಲ ರಾತ್ರಿಯೆಲ್ಲ ಶಾಖವನ್ನು ಆಕಾಶಕ್ಕೆ ಬಿಡುತ್ತಿರುತ್ತದೆ. ಮೋಡ ಇದ್ದರೆ ಅದರಲ್ಲಿ ಬಹಳಷ್ಟನ್ನು ತಡೆದು ಕೆಳಗೆ ವಾಪಸ್ ಕಳಿಸುತ್ತದೆ. ಒಣ ಮೂಡಗಾಳಿಯ ಕಾಲದಲ್ಲಿ ಮೋಡವೂ ಇಲ್ಲ, ಗಾಳಿಯಲ್ಲಿ ತೇವವೂ ಕಡಿಮೆ, ಶಾಖ ಸಲೀಸಾಗಿ ಹೋಗಿಬಿಡುತ್ತದೆ.

ಇದರಲ್ಲಿ ಇನ್ನೊಂದು ಸೊಗಸಿದೆ. ಅಂಥ ನಿಶ್ಚಲ ರಾತ್ರಿಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಹಳ್ಳದಲ್ಲಿ ಸೇರುತ್ತದೆ. ಜನವರಿಯ ಒಂದು ಬೆಳಗ್ಗೆ ಐದೂವರೆಗೆ ಮನೆಯ ಹಿಂದಿನ ಗುಡ್ಡದ ಮೇಲೆ ಮತ್ತು ಕೆಳಗಿನ ಗದ್ದೆ ಬಯಲಿನಲ್ಲಿ ಒಂದೇ ಥರ್ಮಾಮೀಟರ್ ಹಿಡಿದು ನೋಡಿದೆ. ಗುಡ್ಡದ ಮೇಲೆ 15, ಗದ್ದೆಯಲ್ಲಿ 11. ಮೇಲೆ ಹೋದಷ್ಟೂ ತಂಪು ಎಂಬ ನಿಯಮ ಆ ಹೊತ್ತಿನಲ್ಲಿ ತಲೆಕೆಳಗಾಗಿರುತ್ತದೆ. ಹಳ್ಳದಲ್ಲಿ ನಿಂತ ತಣ್ಣನೆ ಗಾಳಿಯಲ್ಲೇ ಇಬ್ಬನಿ, ಮಂಜು ಕಟ್ಟುವುದು. ಬೆಟ್ಟದಿಂದ ನೋಡಿದರೆ ಹಾಲು ಸುರಿದಂತೆ ಕಾಣುವುದು ಅದೇ. ಸ್ವಲ್ಪ ಗಾಳಿ ಬೀಸಿದರೂ ಮೇಲಿನ ಬೆಚ್ಚಗಿನ ಗಾಳಿ ಕೆಳಗಿನದರೊಡನೆ ಬೆರೆತು ಮಂಜು ಚದುರುತ್ತದೆ. ಆದ್ದರಿಂದ ಗಾಳಿ ಬೀಸಿದ ರಾತ್ರಿ ಮೈಗೆ ಚಳಿ ಹೆಚ್ಚು ಅನಿಸಿದರೂ ಥರ್ಮಾಮೀಟರ್ ಅಷ್ಟು ಕೆಳಗೆ ಇಳಿದಿರುವುದಿಲ್ಲ.

"ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ" ಅನ್ನುವುದು ಈಗಲೂ ನಿಜವೇ?

ಹಗಲಿನ ಮಟ್ಟಿಗೆ ನಿಜ, ಎಷ್ಟೋ ಸಲ ಶಿವರಾತ್ರಿಗೂ ಮುಂಚೆಯೇ ಹೋಗಿರುತ್ತದೆ. ರಾತ್ರಿಯ ಮಟ್ಟಿಗೆ ಬಯಲುಸೀಮೆಯಲ್ಲಿ ನಿಜ, ಮಲೆನಾಡಿನ ಹಳ್ಳಗಳಲ್ಲಿ ಮಾರ್ಚ್ ಮೊದಲ ವಾರದವರೆಗೂ ಬೆಳಗಿನ ಜಾವ ಹೊದಿಕೆ ಬಿಡುವಂತಿಲ್ಲ. ಆ ದಿನಗಳಲ್ಲಿ ಬೆಳಗ್ಗೆ 15, ಮಧ್ಯಾಹ್ನ 32. ಕೆಮ್ಮು, ನೆಗಡಿ ಎಂದು ಆಸ್ಪತ್ರೆ ತುಂಬುವ ಕಾಲ.

ಇದೇ ಕಾಲಕ್ಕೆ ಬೆಟ್ಟದ ಹುಲ್ಲು ಪೂರ್ತಿ ಒಣಗಿರುತ್ತದೆ. ಒಣ ಮೂಡಗಾಳಿ ಜೋರಾದ ಮಧ್ಯಾಹ್ನ ಒಂದು ಬೀಡಿ ತುಂಡು ಇಡೀ ಗುಡ್ಡ ಸುಡಬಲ್ಲದು. ದಯವಿಟ್ಟು, ಫೆಬ್ರವರಿ, ಮಾರ್ಚ್‌ನಲ್ಲಿ ಗಿರಿ ಕಡೆ ಬರುವವರು ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬನ್ನಿ.

ಮಳೆ ಬರುವ ಮುಂಚೆ ಅಷ್ಟು ಬೇಗೆ, ಬಂದ ಹತ್ತು ನಿಮಿಷಕ್ಕೆ ಅಷ್ಟು ತಂಪು ಹೇಗೆ?

ಏಪ್ರಿಲ್‌ನ ಗುಡುಗು ಮಳೆಗೆ ಎರಡು ಗಾಳಿ ಕೂಡಬೇಕು. ಅರಬ್ಬಿ ಸಮುದ್ರದಿಂದ ಸಂಜೆ ಬರುವ ತೇವದ ಗಾಳಿ ಒಂದು ಕಡೆ, ಪೂರ್ವದಿಂದ ಬಂದದ್ದು ಇನ್ನೊಂದು ಕಡೆ. ಎರಡೂ ಸಂಧಿಸುವ ಗೆರೆ ಹೆಚ್ಚುಕಡಿಮೆ ನಮ್ಮ ಒಳನಾಡಿನ ಮೇಲೆ ಹಾದುಹೋಗುತ್ತದೆ. ಕಾದ ನೆಲದಿಂದ ಮೇಲೇಳುವ ಗಾಳಿಗೆ ಅಲ್ಲಿ ತೇವ ಸಿಕ್ಕರೆ ಮೋಡ ಗೋಪುರದಂತೆ ಏಳುತ್ತದೆ. ಬೇಗೆ ಅನಿಸುವುದು ಬಿಸಿಗಿಂತ ಹೆಚ್ಚಾಗಿ ತೇವದಿಂದ, ಬೆವರು ಆರುವುದಿಲ್ಲ. ಆಮೇಲೆ ಮೋಡದೊಳಗೆ ಮಳೆ, ಆಲಿಕಲ್ಲು ಬೀಳುವಾಗ ಮೇಲಿನ ತಣ್ಣನೆ ಗಾಳಿಯನ್ನೂ ಕೆಳಕ್ಕೆ ಎಳೆದು ತರುತ್ತವೆ. ಮಳೆಗೆ ಮುಂಚೆ ಮುಖಕ್ಕೆ ಬಡಿಯುವ ಮಣ್ಣಿನ ವಾಸನೆಯ ಗಾಳಿ ಅದು. ನಮ್ಮ ಜಗಲಿಯಲ್ಲಿ ಅರ್ಧ ಗಂಟೆಯಲ್ಲಿ 32ರಿಂದ 22ಕ್ಕೆ ಇಳಿದದ್ದನ್ನು ಬರೆದಿಟ್ಟಿದ್ದೇನೆ.

ಕಾಫಿಯವರಿಗೆ ಇದೇ ಹೂಮಳೆ. ರೊಬಸ್ಟಾ ಮೊಗ್ಗಿಗೆ ಒಂದರಿಂದ ಒಂದೂವರೆ ಇಂಚು ಮಳೆ ಬೇಕು. ಬಿದ್ದ ಎಂಟನೇ ದಿನದ ಹೊತ್ತಿಗೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಮುಂದಿನ ಎರಡು ಮೂರು ವಾರದಲ್ಲಿ ಹಿಮ್ಮಳೆಯೂ (ಹೂವಿನ ಹಿಂದೆ ಬರುವ ಇನ್ನೊಂದು ಮಳೆ) ಬಂದರೆ ಕಾಯಿ ನಿಲ್ಲುತ್ತದೆ. ಅರ್ಧ ಇಂಚು ಬಿದ್ದು ಹೋದರೆ ಅದಕ್ಕಿಂತ ಬಾರದಿರುವುದೇ ಮೇಲು, ಮೊಗ್ಗು ಅರ್ಧಂಬರ್ಧ ಬಿಚ್ಚಿ ಕರಟುತ್ತದೆ.

ಎಲ್ ನಿನೊ ಇರುವುದು ಪೆಸಿಫಿಕ್ ಸಮುದ್ರದಲ್ಲಿ. ನಮಗೂ ಅದಕ್ಕೂ ಏನು ಸಂಬಂಧ?

ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗ ವಾಡಿಕೆಗಿಂತ ಬಿಸಿಯಾದಾಗ ಗಾಳಿ ಮೇಲೇಳುವ ಜಾಗವೇ ಅತ್ತ ಸರಿಯುತ್ತದೆ. ಒಂದು ಕಡೆ ಮೇಲೆದ್ದ ಗಾಳಿ ಇನ್ನೊಂದು ಕಡೆ ಇಳಿಯಬೇಕು. ಅದು ನಮ್ಮ ಕಡೆ ಇಳಿದರೆ ಮೋಡ ಕಟ್ಟುವುದಿಲ್ಲ. 2023ರಲ್ಲಿ ಹಾಗಾಯಿತು. ಆ ವರ್ಷದ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮಣ್ಣು ಹಾಗೆ ಒಣಗಿಯೇ ಬೇಸಗೆಗೆ ಹೋಯಿತು. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾದದ್ದು ಅದರ ಮುಂದುವರಿಕೆಯೇ. ನಮ್ಮಲ್ಲಿ ಆ ಬೇಸಗೆ ಮೆಣಸಿನ ಬಳ್ಳಿಗಳು ಎಲೆ ಸುರುಳಿ ಸುತ್ತಿಕೊಂಡು ನಿಂತಿದ್ದವು.

ಆದರೆ ಎಲ್ ನಿನೊ ಎಂದ ಕೂಡಲೇ ಬರ ಎಂದು ಕೈಕಟ್ಟಿ ಕೂರಬೇಡಿ. 1997ರಲ್ಲಿ ಬಲವಾದ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಂತೆಯೇ ಆಯಿತು. ಆಗ ಹಿಂದೂ ಮಹಾಸಾಗರದ ಪಡುವಣ ಭಾಗ ಬೆಚ್ಚಗಿದ್ದು ಮೂಡಣ ಭಾಗ ತಣ್ಣಗಿತ್ತು. ಅದು ನಮ್ಮ ಮಳೆಗೆ ಅನುಕೂಲದ ಸ್ಥಿತಿ. 2019ರಲ್ಲೂ ಆ ಸ್ಥಿತಿ ಬಲವಾಗಿತ್ತು. ಆ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜಾರಿ ಮನೆ ತೋಟ ಕಳೆದುಕೊಂಡವರನ್ನು ನಾವು ಮರೆತಿಲ್ಲ.

ಮೊದಲಿಗಿಂತ ಸೆಕೆ ಹೆಚ್ಚಿದೆಯೋ, ನಮಗೆ ಹಾಗೆ ಅನಿಸುತ್ತದೋ?

ಹೆಚ್ಚಿದೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಅದೇ ವರದಿಯಲ್ಲಿ ನಮಗೆ ನೇರ ತಟ್ಟುವ ಇನ್ನೊಂದು ಮಾತಿದೆ: 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ತಗ್ಗಿದೆ, ಎದ್ದುಕಾಣುವ ಇಳಿಕೆ ಆಗಿರುವ ಎರಡು ಕಡೆಗಳಲ್ಲಿ ಪಶ್ಚಿಮ ಘಟ್ಟ ಒಂದು.

0.7 ಅಂದರೆ ಅರ್ಧ ಚಮಚ ಸಕ್ಕರೆಯಂತೆ ಕೇಳಿಸುತ್ತದೆ, ಅದಕ್ಕೇ ಜನ ನಂಬುವುದಿಲ್ಲ. ಆದರೆ ಅದು ಸರಾಸರಿ. ಬದುಕಿಗೆ ತಟ್ಟುವುದು ಮಳೆಯ ನಡುವಿನ ಬಿಡುವು. ಅಪ್ಪನ ಡೈರಿಯಲ್ಲಿ ಆರಿದ್ರಾದಿಂದ ಆಶ್ಲೇಷಾವರೆಗೆ ಪುಟದ ಮೇಲೆ ಪುಟ ದಿನವೂ ಒಂದು ಅಂಕಿ ಇದೆ, ಅರ್ಧ ಇಂಚು, ಮುಕ್ಕಾಲು ಇಂಚು. ನನ್ನ ಪುಟಗಳಲ್ಲಿ ಒಂದು ವಾರ ಸೊನ್ನೆ, ಆಮೇಲೆ ಒಂದೇ ದಿನ ಐದು ಇಂಚು. ವರ್ಷದ ಮೊತ್ತದಲ್ಲಿ ಅಂಥ ಅಂತರ ಕಾಣದು. ಆದರೆ ಆ ಸೊನ್ನೆಯ ವಾರದಲ್ಲಿ ಜುಲೈ ಬಿಸಿಲು ನೇರ ಬಿದ್ದು 29 ಡಿಗ್ರಿ, ಐದು ಇಂಚಿನ ದಿನ ಮಣ್ಣು ಕೊಚ್ಚಿ ಹೋಗುವುದು. ಸಮುದ್ರ ಬಿಸಿಯಾದಂತೆ ಗಾಳಿ ಹೆಚ್ಚು ಆವಿ ಹೊರುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು. ಹೊತ್ತದ್ದನ್ನು ಒಮ್ಮೆಲೇ ಸುರಿಯುವ ಗುಣ ಅದರಿಂದ ಬರುತ್ತದೆ.

ಮರ ಕಡಿದದ್ದರಿಂದಲೇ ಇಷ್ಟೆಲ್ಲ ಆಯಿತು ಅನ್ನುತ್ತಾರಲ್ಲ?

ಅರ್ಧ ನಿಜ. ನಮ್ಮೂರಿನ ಹತ್ತು ಮರ ಉಳಿಸಿದರೆ ಮುಂಗಾರು ಗಾಳಿಯ ದಿಕ್ಕು ಬದಲಾಗುವುದಿಲ್ಲ, ಆ ಗಾಳಿ ಸಾವಿರಾರು ಕಿಲೋಮೀಟರ್ ಅಳತೆಯದು. ಆದರೆ ಬಂದ ಬಿಸಿಲು ನಮ್ಮ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಮರ ಖಂಡಿತ ಬದಲಿಸುತ್ತದೆ. ಮಾರ್ಚ್ ಮಧ್ಯಾಹ್ನ ನಮ್ಮ ಕಣದ ಪಕ್ಕ 33 ಇದ್ದಾಗ ನೂರು ಹೆಜ್ಜೆ ಆಚೆ ಅತ್ತಿ, ಹಾಲುವಾಣ, ನೇರಳೆ ನೆರಳಿನ ಹಳೆ ಅರೇಬಿಕಾ ಪಟ್ಟೆಯಲ್ಲಿ 29. ಅರೇಬಿಕಾ ಚೆನ್ನಾಗಿರುವುದು 15ರಿಂದ 25 ಡಿಗ್ರಿಯಲ್ಲಿ, ರೊಬಸ್ಟಾ 20ರಿಂದ 30ರಲ್ಲಿ. ನೆರಳು ಬೋಳಿಸಿದ ತೋಟದಲ್ಲಿ ಬಿಳಿ ಕಾಂಡಕೊರಕ ಹೆಚ್ಚುವುದನ್ನು ಹಳೆಯ ಬೆಳೆಗಾರರೆಲ್ಲ ಕಂಡಿದ್ದಾರೆ, ಆ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ. 1925ರಿಂದ ಇರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರೂ ನೆರಳು ಉಳಿಸಿ ಎಂದೇ ಹೇಳುತ್ತಾರೆ. ನೆರಳು ತೆಗೆದು ಸಿಲ್ವರ್ ಓಕ್ ಒಂದನ್ನೇ ಬಿಟ್ಟುಕೊಂಡವರನ್ನು ನಾನು ದೂರುವುದಿಲ್ಲ, ಮರ ಮಾರಿದರೆ ಕಾಸು ಸಿಗುತ್ತದೆ, ಸಾಲ ತೀರಬೇಕು. ಆದರೆ ಮತ್ತೆ ನೆಡುವಾಗ ನಮ್ಮ ನಾಡ ಮರಗಳನ್ನೂ ನಡುವೆ ನೆಡಿ ಎಂದು ಕೈಮುಗಿದು ಕೇಳುತ್ತೇನೆ.

ಬೇರೆ ಬೆಳೆಗಳಿಗೆ?

ಹಾಸನದ ಆಲೂಗಡ್ಡೆಗೆ ಹೆಚ್ಚು ಭಯ ಮೋಡದ್ದು. ಹಗಲೂ ರಾತ್ರಿ 20 ಡಿಗ್ರಿಗಿಂತ ಕೆಳಗೆ, ಎಲೆ ಆರದಂಥ ಸೋನೆ, ಇವೆರಡು ಕೂಡಿದರೆ ಕೆಲವೇ ದಿನಗಳಲ್ಲಿ ಅಂಗಮಾರಿ ಇಡೀ ಹೊಲ ಕಪ್ಪಾಗಿಸುತ್ತದೆ. ಅಡಿಕೆಯ ಕೊಳೆರೋಗವೂ ಅದೇ ಜಾತಿಯ ಸೂಕ್ಷ್ಮಜೀವಿಯಿಂದ ಬರುವುದು. ಮಳೆ ಹೊಳವಾದ ಎರಡು ದಿನದ ಸಂದಿನಲ್ಲೇ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದು ಮುಗಿಸಬೇಕು. ಗಾಳಿಯ ಮುನ್ಸೂಚನೆ ನೋಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ರಾಗಿ, ಕಾಫಿ ಕೊಯ್ಲಿಗೆ ಹೊಡೆತ ಕೊಡುವುದು ಅಕಾಲದ ಮೂಡಣ ಮಳೆ. 2021ರ ನವೆಂಬರ್‌ನಲ್ಲಿ ಕೊಯ್ದ ರಾಗಿ ತೆನೆ ಹೊಲದಲ್ಲೇ ಮೊಳೆತದ್ದನ್ನು ಅರಸೀಕೆರೆ ಕಡೆಯ ನೆಂಟರು ಬಂದು ಹೇಳಿ ಅತ್ತರು.

ಫೋನಿನಲ್ಲಿ ತೋರಿಸುವ ತಾಪಮಾನ ನಂಬಬಹುದೇ?

ಬಯಲುಸೀಮೆಯಲ್ಲಿ ತಕ್ಕಮಟ್ಟಿಗೆ. ಮಲೆನಾಡಿನಲ್ಲಿ ಹುಷಾರು. ಆ ಅಂಕಿ ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು. ನಮ್ಮಲ್ಲಿ ಅಷ್ಟು ದೂರದಲ್ಲಿ ನೆಲ 800 ಮೀಟರ್ ಏರಿ ಇಳಿದಿರುತ್ತದೆ, ಅಂದರೆ ಐದು ಡಿಗ್ರಿ ತಪ್ಪಲು ಅಷ್ಟೇ ಸಾಕು. ರೈತರಿಗೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್, ಸಿಡಿಲಿಗೆ ದಾಮಿನಿ ಆ್ಯಪ್ ಇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿರುವುದರಿಂದ ಮಳೆಯ ಅಂಕಿಗೆ ನಾನು ಮೊದಲು ನೋಡುವುದು ಅದನ್ನೇ.

ಮಳೆ ನಕ್ಷತ್ರದ ಲೆಕ್ಕ ಬಿಟ್ಟುಬಿಡಬೇಕೇ?

ಬಿಡುವುದು ಬೇಡ. ರೋಹಿಣಿ ಮೇ 25ಕ್ಕೆ, ಮೃಗಶಿರಾ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ ಹೀಗೆ ಸುಮಾರು ಹದಿನಾಲ್ಕು ದಿನಕ್ಕೊಂದರಂತೆ ವರ್ಷವನ್ನು ಹೋಳು ಮಾಡಿ ನೆನಪಿಡಲು ಇದಕ್ಕಿಂತ ಒಳ್ಳೆಯ ದಾರಿ ಹಳ್ಳಿಯವರಿಗೆ ಇರಲಿಲ್ಲ. ನಾನೂ ಡೈರಿಯಲ್ಲಿ ತಾರೀಖಿನ ಪಕ್ಕ ನಕ್ಷತ್ರ ಬರೆಯುತ್ತೇನೆ. ಆದರೆ ಅದು ಪಂಚಾಂಗ, ಮುನ್ಸೂಚನೆ ಅಲ್ಲ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರದ ದಿನಗಳು ಋತುವಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತವೆ. ಸಾವಿರ ವರ್ಷಕ್ಕೆ ಒಂದು ಇಡೀ ಮಳೆ ನಕ್ಷತ್ರದಷ್ಟು. ಜೊತೆಗೆ ಮುಂಗಾರು ತಾನೇ ಅತ್ತಿತ್ತ ಆಗುತ್ತದೆ. 2023ರಲ್ಲಿ ಕೇರಳಕ್ಕೆ ಜೂನ್ 8ಕ್ಕೆ ಬಂದದ್ದು 2025ರಲ್ಲಿ ಮೇ 24ಕ್ಕೇ ಬಂದಿತ್ತು.

ಮನೆಯಲ್ಲೇ ಅಳೆಯಬೇಕಾದರೆ ಏನು ಮಾಡಬೇಕು?

ಗರಿಷ್ಠ, ಕನಿಷ್ಠ ಎರಡೂ ತೋರಿಸುವ ಒಂದು ಥರ್ಮಾಮೀಟರ್ ಸಾಕು. ಅದನ್ನು ಬಿಸಿಲಿನಲ್ಲಿ, ಹೆಂಚಿನ ಕೆಳಗೆ ಅಥವಾ ಗೋಡೆಗೆ ತಾಗಿಸಿ ನೇತುಹಾಕಬೇಡಿ. ನೆಲದಿಂದ ಎದೆಮಟ್ಟದಲ್ಲಿ, ಪೂರ್ತಿ ನೆರಳಿನಲ್ಲಿ, ನಾಲ್ಕು ಕಡೆಯಿಂದ ಗಾಳಿಯಾಡುವಂತೆ ಇರಬೇಕು. ಹವಾಮಾನ ಕೇಂದ್ರಗಳಲ್ಲಿ ಅದಕ್ಕೆಂದೇ ಕಿಂಡಿಗಳಿರುವ ಬಿಳಿ ಮರದ ಪೆಟ್ಟಿಗೆ ಇರುತ್ತದೆ. ನಾನು ಹಳೆಯ ಜೇನು ಪೆಟ್ಟಿಗೆಗೆ ಸುಣ್ಣ ಬಳಿದು, ಪಕ್ಕಗಳಿಗೆ ಓರೆಯಾಗಿ ಬಿದಿರು ದಬ್ಬೆ ಹೊಡೆದು ಕಂಬದ ಮೇಲೆ ಕೂರಿಸಿದ್ದೇನೆ. ಮಳೆಮಾಪಕ ಮರದ ಕೊಂಬೆಯಿಂದ ದೂರ ಇರಲಿ, ಬೆಳಗ್ಗೆ ಎಂಟೂವರೆಗೆ ನೋಡಿ ಬರೆಯಿರಿ.

ಗಾಳಿಗೆ ಇನ್ನೂ ಸುಲಭ. ಅಡಿಕೆ ದಬ್ಬೆಯ ತುದಿಗೆ ಹಳೆಯ ಪಂಚೆಯ ಒಂದು ಗೇಣು ಅಂಚು ಕಟ್ಟಿ ಕಣದ ಮೂಲೆಯಲ್ಲಿ ನೆಟ್ಟರೆ ಆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು ದಿನವೂ ನೋಡುತ್ತಿರಿ. ನಾಲ್ಕು ತಿಂಗಳಿಂದ ಮೂಡಣಕ್ಕೆ ಹಾರುತ್ತಿದ್ದ ಬಟ್ಟೆ ಒಂದು ದಿನ ಜೋತುಬೀಳುತ್ತದೆ, ಎರಡು ಮೂರು ದಿನ ಹಾಗೇ ಇರುತ್ತದೆ. ಆಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಪಡುವಣಕ್ಕೆ ತಿರುಗಿರುತ್ತದೆ, ಬೆಳಗಿನ ಅಂಕಿಯೂ ಅಲ್ಲಿಂದ ಇಳಿಯಲು ಶುರುವಾಗುತ್ತದೆ.